ಹಾಳೆಗೊಂದು ಬುಟ್ಟಾ

ಕಾದಂಬರಿಗಳ ಬಗ್ಗೆ ಅಭಿಪ್ರಾಯ ಹೇಳಲು ನಿನಗೇನು ಯೋಗ್ಯತೆ ಎಂದು ನೀವು ಕೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಒಂದು ಕಾದಂಬರಿಯನ್ನೂ ಓದಿದವನಲ್ಲ. ಆದರೆ ಹೊಸದಾಗಿ ಬಂದ ಮಾಯಾಲೋಕದ, ದೆವ್ವದ, ಪತ್ತೇದಾರಿ ಕಾದಂಬರಿಗಳನ್ನೆಲ್ಲ ಕೇಳಿದವನು. ಅದೂ ಗುಂಡಿ ಮಗ್ಗದೊಳಗೆ ಕಾಲು ಇಳಿಬಿಟ್ಟು ಕೂತು. (ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ಸಿಂಹಾಸನ ಅದೇ. ರಾಜರು ಮೆಟ್ಟಿಲು ಹತ್ತಿ ಕೂರುತ್ತಾರೆ, ನಾವು ಇಳಿದು ಕೂರುತ್ತೇವೆ.)

ಈ ವರ್ಷ, ಅಂದರೆ ೧೯೯೮ರಲ್ಲಿ, ನಮ್ಮ ರೇಡಿಯೋ ಕೈಕೊಟ್ಟಿತು. ಹಾಡಿಲ್ಲದೆ ಕಾಲು ಆಡುವುದಿಲ್ಲ ಎಂದು ನಾನು ಗೊಣಗಿದ್ದಕ್ಕೆ, ನನ್ನ ಹೆಂಡತಿ ಸುನಿತಾ ಚಳ್ಳಕೆರೆಯ ತವರಿಗೆ ಹೋದಾಗ ಅಲ್ಲಿನ ಬಾಡಿಗೆ ಪುಸ್ತಕದಂಗಡಿಯಿಂದ ಮೂರು ಕಾದಂಬರಿ ತಂದಳು. ಅವಳು ಗೋಡೆಗೊರಗಿ ಗಟ್ಟಿಯಾಗಿ ಓದುವುದು, ನನ್ನ ಅವ್ವ ಸೂರಮ್ಮ ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತ ಕೇಳುವುದು, ನಾನು ಲಾಳಿ ಎಸೆಯುತ್ತ ಕೇಳುವುದು. ಹೀಗೆ ನಮ್ಮ ಮನೆಯಲ್ಲಿ ಸಾಹಿತ್ಯ ಸಮ್ಮೇಳನ ಉದ್ಘಾಟನೆಯಾಯಿತು.

ಮೊದಲನೆಯದು ಮಾಯಾಲೋಕದ ಕಾದಂಬರಿ. ಹಾರುವ ಕುದುರೆ, ಮಾತಾಡುವ ಬೆಟ್ಟ, ಎಂಟು ರಾಜ್ಯ, ಹದಿನಾಲ್ಕು ರಾಣಿಯರು. ನನ್ನ ಅಭಿಪ್ರಾಯ: ಕುದುರೆ ಚೆನ್ನಾಗಿದೆ, ರಾಣಿಯರು ಜಾಸ್ತಿಯಾದರು. ಯಾವ ರಾಣಿ ಯಾರ ಮಗಳು, ಯಾವ ಮನೆಗೆ ಸೊಸೆ ಎಂದು ತಿಳಿಯದೆ ಅವ್ವ ಮುಂದಕ್ಕೆ ಬಿಡುತ್ತಿರಲಿಲ್ಲ. ಕಥೆಗಿಂತ ಸಂಬಂಧ ಬಿಡಿಸುವುದರಲ್ಲೇ ನಾಲ್ಕು ದಿನ ಹೋಯಿತು.

ಎರಡನೆಯದು ದೆವ್ವದ್ದು. ಅದರಲ್ಲಿ ದೆವ್ವ ನೆಲದೊಳಗಿಂದ ಕೈ ಚಾಚಿ ಮನುಷ್ಯರ ಪಾದ ಹಿಡಿಯುತ್ತದೆ. ಕುರ್ಚಿಯ ಮೇಲೆ ಕಾಲು ಮಡಚಿ ಓದುವವರಿಗೆ ಅದು ಮನರಂಜನೆ ಇರಬಹುದು. ಎರಡೂ ಕಾಲನ್ನು ಕತ್ತಲ ಗುಂಡಿಗೆ ಒಪ್ಪಿಸಿ ಕೂತವನ ಪಾಡೇನು? ಹಾಡಹಗಲು ಹನ್ನೊಂದು ಗಂಟೆಗೆ ನಾನು ಕಾಲು ಮೇಲಕ್ಕೆಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತೆ. ಅವತ್ತು ಒಂದು ಬೆರಳಷ್ಟೂ ನೇಯಲಿಲ್ಲ. ಅವ್ವ ಗುಂಡಿಯೊಳಗೆ ಬೇವಿನ ಸೊಪ್ಪು ಹಾಕಿದ ಮೇಲೆಯೇ ಕೆಲಸ ಶುರುವಾದದ್ದು. ಇಂಥ ಪುಸ್ತಕದ ಮೇಲೆ 'ನೇಕಾರರಿಗಲ್ಲ' ಎಂದು ಅಚ್ಚು ಹಾಕಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು ಪತ್ತೇದಾರಿ. ಅದನ್ನು ಶುರು ಮಾಡುವ ಹೊತ್ತಿಗೆ ಮಗ್ಗದ ಮೇಲೆ ಇದ್ದದ್ದು ಶಿವಮೂರ್ತಪ್ಪನವರ ಮಗಳ ಧಾರೆ ಸೀರೆ. ಶಿವಮೂರ್ತಪ್ಪನವರು ಚಳ್ಳಕೆರೆಯ ಸೀರೆ ವ್ಯಾಪಾರಿ. ನಮ್ಮ ಮಗ್ಗಕ್ಕೆ ರೇಷ್ಮೆ ಕೊಡುವವರು ಅವರೊಬ್ಬರೇ. ಈ ಸೀರೆ ಕೆಟ್ಟರೆ ಮಗ್ಗ ಖಾಲಿ ಬೀಳುತ್ತದೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಸೀರೆಯ ಮೈತುಂಬ ಬುಟ್ಟಾ, ಅಂದರೆ ಸಣ್ಣ ಜರಿ ಹೂವು. ಸಾಲಿನಿಂದ ಸಾಲಿಗೆ ನಾಲ್ಕು ಬೆರಳು ಅಂತರ. ಎಳೆ ಎಣಿಸುತ್ತ ನೇಯಬೇಕು. ಆದರೆ ಎಸ್ಟೇಟ್ ಮಾಲೀಕ ಬಂಗಲೆಯಲ್ಲಿ ಸತ್ತು ಬಿದ್ದಿರುವಾಗ ಎಳೆ ಎಣಿಸುವುದು ಯಾರಿಂದ ಸಾಧ್ಯ?

ಆಗ ನನ್ನ ತಲೆಯಲ್ಲಿ ಮಹತ್ತರವಾದ ಉಪಾಯವೊಂದು ಹೊಳೆಯಿತು. ಸುನಿತಾ ಒಂದು ಹಾಳೆಯ ಎರಡೂ ಬದಿ ಓದಿ ಮುಗಿಸುವಷ್ಟರಲ್ಲಿ ನನ್ನ ಕೈ ಸರಿಯಾಗಿ ನಾಲ್ಕು ಬೆರಳು ನೇಯುತ್ತಿತ್ತು. ಎರಡು ಸಲ ಅಳೆದು ನೋಡಿದೆ, ಕರಾರುವಾಕ್ಕು. ಇನ್ನು ಎಣಿಕೆ ಯಾಕೆ? ಹಾಳೆ ತಿರುವಿದಾಗಲೆಲ್ಲ 'ಬುಟ್ಟಾ' ಅನ್ನು, ನಾನು ಹೂವು ಹಾಕುತ್ತೇನೆ ಎಂದು ಅವಳಿಗೆ ಹೇಳಿದೆ. ಅಂದಿನಿಂದ ಇನ್‌ಸ್ಪೆಕ್ಟರ್ ಬೀರು ತೆಗೆದರೂ ಬುಟ್ಟಾ, ಪಿಸ್ತೂಲು ಸಿಕ್ಕರೂ ಬುಟ್ಟಾ. ನೇಯ್ದದ್ದು ದಿಂಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ, ಹಿಂದಿನದು ಕಣ್ಣಿಗೆ ಬೀಳುವುದಿಲ್ಲ. ಕಥೆ ಬಿಗಿಯಾದಂತೆ ಬುಟ್ಟಾ ಬುಟ್ಟಾ ಎಂದು ಕೂಗು ಬೇಗಬೇಗ ಬಂದಾಗ ನನ್ನ ಕೈ ನಿಧಾನವಾಯಿತೇನೋ ಎಂದುಕೊಂಡೆ.

ಕೊನೆಗೆ ಕೊಲೆಗಾರ ಮಾಲೀಕನ ಭಾವಮೈದ ಎಂದಾಯಿತು. ನನಗೆ ಅನುಮಾನವಿದ್ದದ್ದು ಅಡುಗೆಯಮ್ಮನ ಮೇಲೆ. ಅವಳು ನಡುವೆ ಸೌಟು ಕೆಳಗಿಟ್ಟು ಹಿತ್ತಲ ಬಾಗಿಲು ತೆಗೆದವಳು ಮತ್ತೆ ಬರಲೇ ಇಲ್ಲ. ಏನಾದಳು? ಎಲ್ಲಿ ಹೋದಳು? ಆ ಬಾಡಿಗೆ ಪುಸ್ತಕಗಳ ಕೊನೆಯ ಖಾಲಿ ಹಾಳೆಯಲ್ಲಿ ಓದಿದವರು ಅಭಿಪ್ರಾಯ ಬರೆಯುವ ರೂಢಿ ಇತ್ತು. ನಾನು ಸಿಟ್ಟಿನಿಂದ ಬರೆದೆ: 'ಅಡುಗೆಯಮ್ಮನನ್ನು ಲೇಖಕರು ಮರೆತೇಬಿಟ್ಟಿದ್ದಾರೆ. ಬರೆಯುವವರಿಗೆ ಲೆಕ್ಕ ತಪ್ಪಬಾರದು. ಇಂತಿ, ಗೋವರ್ಧನ, ಮೊಳಕಾಲ್ಮೂರು.' ಸುನಿತಾ ಅದನ್ನು ನೋಡಿ, ಪುಸ್ತಕ ಬೇಗ ಮುಚ್ಚಿಟ್ಟು ಒಲೆಯ ಕಡೆ ಹೋದಳು.

ಪುಸ್ತಕ ಅಂಗಡಿಗೆ ಹೋಯಿತು. ಸೀರೆ ದಿಂಡಿನಿಂದ ಇಳಿಯಿತು. ಮದುವೆಗೆ ಹತ್ತೇ ದಿನ. ಶಿವಮೂರ್ತಪ್ಪನವರು ಮಗಳು ಸ್ವಪ್ನಳ ಜೊತೆಗೇ ಬಂದು, ಚಾಪೆಯ ಮೇಲೆ ಸೀರೆ ಹಾಸಿಸಿ, ಕನ್ನಡಕ ಹಾಕಿ, ಬೆರಳಿಟ್ಟು ಅಳೆಯುತ್ತ ಹೊರಟರು. ಒಂದು ತುದಿಯಲ್ಲಿ ನಾಲ್ಕು ಬೆರಳು. ನಡುವೆ ಮೂರು. ಸೆರಗಿನ ಹತ್ತಿರ ಬಂದರೆ ಒಂದೂವರೆ. ನಾಳೆಯಿಂದ ಬರಿಯ ಗುಂಡಿಯಲ್ಲಿ ಕಾಲಾಡಿಸುತ್ತ ಕೂರುವ ನನ್ನ ಚಿತ್ರ ಕಣ್ಣ ಮುಂದೆ ಬಂತು.

"ಏನಪ್ಪಾ ಗೋವರ್ಧನ, ಇಷ್ಟು ವರ್ಷ ನೇಯ್ದೋನು. ಲೆಕ್ಕ ತಪ್ಪಿದೀಯಲ್ಲ," ಅಂದರು ಅವರು, ಬೇಸರದಿಂದ.

ನನ್ನದೇ ಮಾತು ನನಗೇ ವಾಪಸು ಬಂದಿತ್ತು. ರೇಷ್ಮೆಯ ಮೇಲೆ ತಪ್ಪು ಹೊರಿಸೋಣವೇ, ಕರೆಂಟಿನ ಮೇಲೆಯೇ ಎಂದು ನಾನು ಯೋಚಿಸುತ್ತಿರುವಾಗ ಸ್ವಪ್ನ ಸೆರಗು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು.

"ಅಪ್ಪಾಜಿ, ಇಲ್ಲಿ ನೋಡ್ರಿ. ಕೆಳಗೆ ಬಿಡಿಬಿಡಿಯಾಗಿ ಐತೆ, ಹೆಗಲಿಗೆ ಬರ್ತಾ ಬರ್ತಾ ಹೂವು ಒತ್ತೊತ್ತಾಗಿ ಕೂಡ್ಕೊಂಡಾವೆ. ಇಂಥ ಸೀರೆ ನಮ್ಮ ಅಂಗಡಿಯಾಗೂ ಇಲ್ಲ. ನನಗೆ ಇದೇ ಬೇಕು."

ಶಿವಮೂರ್ತಪ್ಪನವರು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. ಅವರ ಮುಖ ಅರಳಿತು. ನನಗೆ ಹೋದ ಜೀವ ಬಂತು; ಜೊತೆಗೆ ಬರಬಾರದ ಧೈರ್ಯವೂ ಬಂತು. ಆರು ತಿಂಗಳಿಂದ ಮನಸ್ಸಿನಲ್ಲಿದ್ದ ವಿನ್ಯಾಸ, ನಿಮ್ಮ ಮಗಳಿಗೆಂದೇ ಇಟ್ಟಿದ್ದೆ ಎಂದುಬಿಟ್ಟೆ. ಅವ್ವನ ರಾಟೆ ಗಕ್ಕನೆ ನಿಂತಿತು. ಶಿವಮೂರ್ತಪ್ಪನವರು ಖುಷಿಯಾಗಿ, ಇದೇ ತರಹ ಅಂಗಡಿಗೆ ಇನ್ನೆರಡು ಬೇಕು, ಅಂತರ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು ಎಂದು ಹೇಳಿ, ರೇಷ್ಮೆ ಇಳಿಸಿ ಹೋದರು.

ಅವರ ಬೆನ್ನು ಮರೆಯಾದ ಕೂಡಲೇ ನಾನು ಸುನಿತಾಳನ್ನು ವಿಚಾರಣೆಗೆ ಒಳಪಡಿಸಿದೆ. ಅವಳು ಸುಲಭವಾಗಿ ಒಪ್ಪಿಕೊಂಡಳು.

"ಯಾರು ಕೊಂದರು ಅಂತ ತಿಳೀಬೇಕಿತ್ತು ಕಣ್ರೀ. ಮಳೆ, ಮಂಜು, ಗಿಡದ ವರ್ಣನೆ ಎಲ್ಲ ಬಿಟ್ಟು ಹಾಳೆ ತಿರುವಿದೆ. ಅಡುಗೆಯಮ್ಮಂದೂ ಒಂದೆರಡು ಹಾಳೆ ಬಿಟ್ಟೆ. ಆಮೇಲೆ ಒಬ್ಬಳೇ ಕೂತು ಓದ್ಕೊಂಡೆ."

ಲೇಖಕರು ಯಾರನ್ನೂ ಮರೆತಿರಲಿಲ್ಲ. ಬುಟ್ಟಾದ ಅಂತರ ಮತ್ತೆ ಹಾಗೇ ಬರಬೇಕಾದರೆ ಅದೇ ಓದು ಬೇಕು ಎಂದು ಚಳ್ಳಕೆರೆಗೆ ಹೋಗಿ ಅದೇ ಪುಸ್ತಕ ಮತ್ತೆ ತಂದದ್ದಾಯಿತು. ಕೊನೆಯ ಹಾಳೆಯಲ್ಲಿ ನನ್ನ ಅಭಿಪ್ರಾಯದ ಕೆಳಗೆ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ಬರೆದಿದ್ದರು: 'ಗೋವರ್ಧನರವರೇ, ೮೪ನೇ ಪುಟ ಓದಿ.'

ಓದಲು ಹೋದರೆ ಸುನಿತಾ ಪುಸ್ತಕ ಕಿತ್ತುಕೊಂಡಳು. ಹೋದ ಸಲ ಎಲ್ಲೆಲ್ಲಿ ಬಿಟ್ಟಳೋ ಈ ಸಲವೂ ಅಲ್ಲಲ್ಲೇ ಬಿಡಬೇಕು; ಅಡುಗೆಯಮ್ಮ ಏನಾದಳೆಂದು ನನಗೆ ಗೊತ್ತಾದರೆ ಕೇಳುವ ಆಸೆ ಹೋಗಿ ಕೈಯ ಓಟ ಬದಲಾಗುತ್ತದಂತೆ. ಬಿಡಬೇಕಾದ ಹಾಳೆಗಳನ್ನೆಲ್ಲ ಉಳಿದ ರೇಷ್ಮೆ ಎಳೆಯಿಂದ ಸಡಿಲವಾಗಿ ಹೊಲಿದುಬಿಟ್ಟಿದ್ದಾಳೆ. ಅವ್ವನಿಗೆ ಅಡುಗೆಮನೆಯಲ್ಲಿ ಎಲ್ಲ ಹೇಳಿಯಾಗಿದೆ. ಅವ್ವನನ್ನು ಕೇಳಿದೆ.

"ಎರಡು ಸೀರೆ ಇಳೀಲಿ, ಹೇಳ್ತೀನಿ," ಅಂದಳು.

ಇರಲಿ. ಮಗ್ಗ ಖಾಲಿಯಾಗಲಿಲ್ಲ, ಅದೇ ದೊಡ್ಡದು. ಈ ಮಾತು ನಿಮಗೆ ಹೇಳುವಾಗಲೂ ನಾನು ಗುಂಡಿಯಲ್ಲೇ ಇದ್ದೇನೆ. ಸುನಿತಾ ಓದುತ್ತಿದ್ದಾಳೆ. ಅಡುಗೆಯಮ್ಮ ಸೌಟು ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಹಿತ್ತಲ ಬಾಗಿಲು ತೆಗೆದಳು. ನಾನು ಲಾಳಿ ಹಿಡಿದು ಕಿವಿ ನಿಮಿರಿಸಿದೆ.

"ಬುಟ್ಟಾ," ಅಂದಳು ಸುನಿತಾ.