ಒಂದು ಗುಂಡಿಯ ಭಾವಚಿತ್ರ

ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆ ನನಗೊಂದು ಸತ್ಯ ಸ್ಪಷ್ಟವಾಗಿತ್ತು: ಜನರಿಗೆ ಅಪಾಯದ ಅರಿವಿಲ್ಲ. ಅರಿವು ಮೂಡಿಸಿದರೆ ಸಾಕು, ಅವರು ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತಾರೆ. ಆಡಳಿತಕ್ಕೆ ನಾಚಿಕೆ ಮೂಡಿಸಿದರೆ ಸಾಕು, ಮಿಕ್ಕದ್ದನ್ನು ಅದು ನೋಡಿಕೊಳ್ಳುತ್ತದೆ. ಅರಿವು ಮತ್ತು ನಾಚಿಕೆ, ಇವೆರಡನ್ನೂ ಸರಬರಾಜು ಮಾಡುವ ಹೊಣೆಯನ್ನು ಯಾರೂ ಕೇಳದೆಯೇ ನಾನು ಹೊತ್ತುಕೊಂಡಿದ್ದೆ.

ಟಿ. ದಾಸರಹಳ್ಳಿಯಲ್ಲಿ ನಮ್ಮ ಬೀದಿ ಮುಖ್ಯರಸ್ತೆಗೆ ಸೇರುವ ಕಡೆ, ಚರಂಡಿಯ ಮೇಲಿನ ಕಲ್ಲುಚಪ್ಪಡಿಯೊಂದು ಮುರಿದು ಒಳಗೆ ಬಿದ್ದಿತ್ತು. ನನ್ನ ಅಕ್ಕ ಸುಮಾ ಪೀಣ್ಯದ ಗಾರ್ಮೆಂಟ್ಸ್‌ಗೆ ಬಸ್ಸು ಹಿಡಿಯಲು ಹೋಗಬೇಕಾದದ್ದು ಆ ರಸ್ತೆಯಲ್ಲೇ. ಅವಳಿಗೆ ಏಳು ತಿಂಗಳು. ಮೊದಲನೆಯ ಬಸಿರು ಉಳಿದಿರಲಿಲ್ಲ. ಹೀಗಾಗಿ ಆ ಗುಂಡಿಯ ಬಗ್ಗೆ ನನ್ನ ಕೋಪ ಕೇವಲ ಸೈದ್ಧಾಂತಿಕವಾಗಿರಲಿಲ್ಲ.

ಆದರೂ ಅದನ್ನು ಸೈದ್ಧಾಂತಿಕವಾಗಿಯೇ ಮಂಡಿಸಿದೆ. ಪಾಲಿಕೆಯ ದೂರಿನ ಆ್ಯಪ್‌ನಲ್ಲಿ ಚಿತ್ರಸಹಿತ ಮೂರು ದೂರು ಬರೆದೆ. ಮೊದಲನೆಯದರಲ್ಲಿ ಸಂವಿಧಾನವನ್ನು ನೆನಪಿಸಿದೆ. ಎರಡನೆಯದರಲ್ಲಿ ಜೀವಿಸುವ ಹಕ್ಕನ್ನು ವಿವರಿಸಿದೆ. ಮೂರನೆಯದಕ್ಕೆ ಅಡಿಟಿಪ್ಪಣಿಗಳಿದ್ದವು. ಮೂರಕ್ಕೂ ಒಂದೇ ಉತ್ತರ ಬಂತು: "ಚಿತ್ರದಲ್ಲಿ ಪ್ಲಾಸ್ಟಿಕ್ ಕುರ್ಚಿ ಮಾತ್ರ ಕಾಣುತ್ತಿದೆ. ಗುಂಡಿ ಕಂಡುಬಂದಿಲ್ಲ. ದೂರು ಮುಕ್ತಾಯವಾಗಿದೆ."

ಉತ್ತರ ಸುಳ್ಳಾಗಿರಲಿಲ್ಲ. ನನ್ನನ್ನು ಕೆರಳಿಸಿದ್ದೇ ಅದು. ಯಾರೋ ಆ ಗುಂಡಿಗೆ ಒಂದು ಕೆಂಪು ಕುರ್ಚಿಯನ್ನು ತಲೆಕೆಳಗಾಗಿ ಸಿಕ್ಕಿಸಿ, ಅದರ ಕಾಲಿಗೆ ಹಳೆಯ ದುಪಟ್ಟಾ ಕಟ್ಟಿದ್ದರು. ನಮ್ಮ ಊರಿನ ಪದ್ಧತಿಯೇ ಅದು. ಗುಂಡಿ ಬಿದ್ದ ಕಡೆ ಯಾರೋ ಒಂದು ಮರದ ಕೊಂಬೆಯನ್ನೋ ಒಡೆದ ಬಕೆಟ್ಟನ್ನೋ ನೆಡುತ್ತಾರೆ, ಉಳಿದವರು ಬಳಸಿಕೊಂಡು ನಡೆಯುತ್ತಾರೆ, ಗುಂಡಿಗೆ ವಯಸ್ಸಾಗುತ್ತದೆ. ಈ ಹೊಂದಾಣಿಕೆಯೇ ಆಡಳಿತವನ್ನು ಕೆಡಿಸಿದೆ ಎಂಬುದು ನನ್ನ ಪ್ರೌಢಪ್ರಬಂಧದ ತಿರುಳಾಗಿತ್ತು. ಆದ್ದರಿಂದ ಒಂದು ಭಾನುವಾರ ಬೆಳಿಗ್ಗೆ ಫೋನು ಮತ್ತು ಅಳತೆಯ ಟೇಪು ಹಿಡಿದು ಹೊರಟೆ. ಗುಂಡಿಯನ್ನು ಅದರ ನಿಜರೂಪದಲ್ಲಿ ದಾಖಲಿಸುವುದೆಂದು ತೀರ್ಮಾನಿಸಿದ್ದೆ.

ಕುರ್ಚಿಗೆ ಕೈಹಾಕಿದ್ದೇ ತಡ, ಮೂಲೆಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದ ಶಿವಮ್ಮ ತಲೆಯೆತ್ತಿದರು. ರಾಯಚೂರು ಕಡೆಯವರು, ನಮ್ಮ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ.

"ಮೇಡಂ, ಕುರ್ಚಿ ಯಾಕ ತಗೀಲಿಕತ್ತೀರಿ?"

"ಫೋಟೋ ತೆಗೀಬೇಕು ಶಿವಮ್ಮ. ಇದಿದ್ರೆ ಗುಂಡಿ ಕಾಣಲ್ಲ."

"ಗುಂಡಿ ಯಾರಿಗಿ ಕಾಣಬೇಕ್ರಿ?"

"ಸರ್ಕಾರಕ್ಕೆ."

"ಸರ್ಕಾರ ಈ ದಾರ್ಯಾಗ ನಡಕೊಂತ ಬರಂಗಿಲ್ರಿ. ಬರೋರು ನಾವು."

"ನೋಡಿ, ನಾವೇ ಹೀಗೆ ಮುಚ್ತಾ ಹೋದ್ರೆ ಯಾರೂ ಜವಾಬ್ದಾರಿ ತಗೊಳ್ಳಲ್ಲ. ಇದು ವ್ಯವಸ್ಥೆಯ ಪ್ರಶ್ನೆ."

"ಹೌದ್ರಿ," ಎಂದರು ಶಿವಮ್ಮ ಬಹಳ ಗೌರವದಿಂದ. "ನನ್ನ ಎಣ್ಣಿ ಕಾದೈತಿ. ಕಾಲ ಕೆಳಗ ನೋಡ್ಕೋರಿ, ಅಷ್ಟ."

ಕುರ್ಚಿ ತೆಗೆದೆ. ಟೇಪು ಇಳಿಬಿಟ್ಟೆ. ಆಳ ನನ್ನ ಸೊಂಟದಷ್ಟಿತ್ತು. ಮೊದಲನೆಯ ಚಿತ್ರದಲ್ಲಿ ಬರೀ ಕತ್ತಲೆ ಬಂತು. ಎರಡನೆಯದರಲ್ಲಿ ನನ್ನ ನೆರಳು. ಮೂರನೆಯದು ಸೊಗಸಾಗಿತ್ತು, ಆದರೆ ಅದು ಈ ಬೀದಿಯದೇ ಗುಂಡಿ ಎಂಬುದಕ್ಕೆ ಪುರಾವೆ ಇರಲಿಲ್ಲ. ಬಸ್ ನಿಲ್ದಾಣದ ಫಲಕವೂ ಗುಂಡಿಯೂ ಒಟ್ಟಿಗೆ ಬರಬೇಕೆಂದು ಆಚೆ ಬದಿಗೆ ಹೋಗಿ, ಅಂಚಿನಲ್ಲಿ ನಿಂತು ಫೋನು ಮೇಲೆತ್ತಿದೆ. ಅಷ್ಟರಲ್ಲಿ ಹಿಂದಿನಿಂದ ಫುಟ್‌ಪಾತಿನ ಮೇಲೆಯೇ ಸ್ಕೂಟರೊಂದು ಬಂದು ಹಾರ್ನ್ ಹೊಡೆಯಿತು. ಪಾದಚಾರಿ ಮಾರ್ಗದಲ್ಲಿ ವಾಹನ ಚಲಾಯಿಸುವುದು ಅಪರಾಧ. ಆತನನ್ನು ತಡೆದು ನಿಲ್ಲಿಸಿ ಪ್ರಶ್ನಿಸಬೇಕಾದದ್ದು ನಾಗರಿಕಳ ಕರ್ತವ್ಯ. ನಾನು ಸಭ್ಯತೆಯಿಂದ ಪಕ್ಕಕ್ಕೆ ಸರಿದು ದಾರಿಬಿಟ್ಟೆ.

ಅಳತೆ ಸರಿಯಾಗಿಯೇ ಇತ್ತು. ಸೊಂಟದವರೆಗೆ.

ಫೋನು ಹಿಡಿದ ಕೈ ಮಾತ್ರ ಚೌಕದ ಪ್ರತಿಮೆಯಂತೆ ಮೇಲೆಯೇ ಉಳಿದಿತ್ತು. ಶಿವಮ್ಮ ಒಲೆ ಆರಿಸಿ ಓಡಿಬಂದು, ಕಡಲೆಹಿಟ್ಟು ಮೆತ್ತಿದ ಕೈಗಳನ್ನು ಕಂಕುಳಿಗೆ ಕೊಟ್ಟು ನನ್ನನ್ನು ಎಳೆದರು.

"ಅಳಬ್ಯಾಡ್ರಿ, ಏನೂ ಆಗಿಲ್ಲ."

"ನಾನೇನು ಅಳ್ತಿಲ್ಲ."

"ಆತು ಬಿಡ್ರಿ. ಚರಂಡಿ ನೀರು ಕಣ್ಣಿಗಿ ಸಿಡದಿರಬೇಕು."

ನನ್ನನ್ನು ಮೇಲೆ ಕೂರಿಸಿದ ಮರುಕ್ಷಣ ಅವರು ಮಾಡಿದ ಮೊದಲ ಕೆಲಸವೆಂದರೆ ಕುರ್ಚಿಯನ್ನು ಮತ್ತೆ ಗುಂಡಿಗೆ ಸಿಕ್ಕಿಸಿದ್ದು. ಆಮೇಲೆ ನನ್ನ ಕಾಲು ನೋಡಿದರು. ಪಾದದ ಗಂಟು ಆಗಲೇ ಬೋಂಡದಂತೆ ಊದಿತ್ತು.

"ಈ ಕುರ್ಚಿ ನಿಮ್ದಾ?" ಎಂದೆ.

"ಎರಡಿದ್ದೂರಿ. ಗಿರಾಕಿಗಿ ಒಂದು ಸಾಕು. ನಿಮ್ಮಕ್ಕ ಹೊಟ್ಟಿ ಹೊತ್ಕೊಂಡು ಹೋಗೋದು ನೋಡಿದೆ, ಜೀವ ತಡೀಲಿಲ್ಲ."

ಜನರನ್ನು ಮುನ್ನೆಚ್ಚರಿಕೆಗೆ ಪ್ರೇರೇಪಿಸುವ ಐದು ಅಂಶಗಳನ್ನು ನನ್ನ ಪ್ರಬಂಧ ಪಟ್ಟಿಮಾಡಿತ್ತು. ಜೀವ ತಡೆಯದಿರುವುದು ಅವುಗಳಲ್ಲಿ ಇರಲಿಲ್ಲ.

ಸುದ್ದಿ ತಿಳಿದು ಅಕ್ಕ ಸೊಂಟಕ್ಕೆ ಕೈಕೊಟ್ಟುಕೊಂಡು ಬಂದಳು. "ಏನೇ ಇದು ಅವತಾರ?"

"ನಿನಗೋಸ್ಕರ ಕಣೇ. ನೀನೆಲ್ಲಿ ಬಿದ್ಬಿಡ್ತೀಯೋ ಅಂತ."

"ನಾನ್ಯಾಕೆ ಬೀಳ್ಲಿ? ನಾನು ಆ ಕಡೆ ಫುಟ್‌ಪಾತಲ್ಲಿ ಹೋಗ್ತೀನಿ. ಚಪ್ಪಡಿ ಮುರಿದ ದಿನಾನೇ ಶಿವಮ್ಮ ಹೇಳಿದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ಊರಿಗೆಲ್ಲ ಬರೆದೆ. 'ಅಲ್ಲಿ ನೋಡ್ಕೊಂಡು ಹೋಗಕ್ಕ' ಅಂತ ನನ್ನ ಹತ್ರ ಒಂದು ಮಾತು ಅಂದ್ಯಾ?"

ಅಂದಿರಲಿಲ್ಲ. ಮೂರು ದೂರುಗಳಲ್ಲಿ ಅವಳನ್ನು 'ಗರ್ಭಿಣಿ ಕಾರ್ಮಿಕ ಮಹಿಳೆ' ಎಂದು ಏಳು ಕಡೆ ಉಲ್ಲೇಖಿಸಿದ್ದೆ, ಅಷ್ಟೇ.

ನಾಲ್ಕನೆಯ ದೂರಿಗೆ ಭಜಿ ತಿನ್ನುತ್ತಿದ್ದ ಗಿರಾಕಿಯೊಬ್ಬರು ತೆಗೆದ ಚಿತ್ರವನ್ನು ಸೇರಿಸಿದೆ; ಅದರಲ್ಲಿ ನಾನು ಗುಂಡಿಯೊಳಗಿದ್ದೇನೆ. ಆಳದ ಬಗ್ಗೆ ಈ ಸಲ ಯಾರೂ ತಕರಾರು ತೆಗೆಯಲಿಲ್ಲ. ವಾರದೊಳಗೆ ಹೊಸ ಚಪ್ಪಡಿ ಬಂತು. ಅದು ಪಾಲಿಕೆಯವರ ಕರ್ತವ್ಯ, ಅದಕ್ಕೆ ನಾನು ಧನ್ಯವಾದ ಹೇಳುವುದಿಲ್ಲ. ನನ್ನಲ್ಲಿರುವ ಧನ್ಯವಾದವೆಲ್ಲ ಒಂದೇ ಕುರ್ಚಿಯಲ್ಲಿ ವ್ಯಾಪಾರ ನಡೆಸಿದ ಆ ಹೆಂಗಸಿಗೆ ಸಲ್ಲಬೇಕು.

ನಾನು ಬಿದ್ದ ಆ ಭಾನುವಾರ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದ ಆಟೋದವರು ಅಕ್ಕನನ್ನು ನೋಡಿ ಗಾಬರಿಯಾದರು. "ನೋವು ಶುರುವಾಯ್ತಾ ಅಕ್ಕ?"

"ನಂಗಲ್ಲ ಅಣ್ಣ. ಇವಳು ಚರಂಡಿಗೆ ಬಿದ್ದಿದ್ದಾಳೆ."

"ಓ, ಅಷ್ಟೇನಾ? ಸದ್ಯ, ದೇವರು ದೊಡ್ಡೋನು."

ನನ್ನ ಪತನದಿಂದ ಒಬ್ಬ ಮನುಷ್ಯ ಅಷ್ಟೊಂದು ನಿರಾಳವಾದದ್ದನ್ನು ನಾನು ಕಂಡಿರಲಿಲ್ಲ. ಆದರೂ ಅಕ್ಕನಿಗಾಗಿ ಅವರು ಪ್ರತಿ ಹಂಪಿನಲ್ಲೂ ಆಟೋವನ್ನು ತೊಟ್ಟಿಲಿನಂತೆ ಇಳಿಸಿದರು. ಅದರ ಲಾಭ ನನ್ನ ಕಾಲಿಗೂ ಸಿಕ್ಕಿತು.

ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಒಬ್ಬರು ಗಾಲಿಕುರ್ಚಿ ತಳ್ಳಿಕೊಂಡು ಓಡಿಬಂದು, ಒಂದು ಮಾತೂ ಕೇಳದೆ ಅಕ್ಕನನ್ನು ಅದರಲ್ಲಿ ಕೂರಿಸಿದರು. ಅಕ್ಕ ಏನೋ ಹೇಳಲು ಬಾಯಿ ತೆರೆದಳು. ವಾರವಿಡೀ ಬಟ್ಟೆ ತಪಾಸಣೆಯ ಮೇಜಿನ ಮುಂದೆ ನಿಂತೇ ದುಡಿದಿದ್ದ ಅವಳ ಪಾದಗಳು ನನ್ನ ಪಾದಕ್ಕಿಂತ ಹೆಚ್ಚು ಊದಿದ್ದನ್ನು ನಾನು ಆಗಲೇ ಗಮನಿಸಿದ್ದು. ಭುಜ ಒತ್ತಿ, "ಸುಮ್ನೆ ಕೂತ್ಕೋ" ಎಂದೆ.

ಹಿಡಿಕೆ ಹಿಡಿದು, ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ, ಉದ್ದನೆಯ ಆ ಕಾರಿಡಾರಿನಲ್ಲಿ ಅವಳನ್ನು ತಳ್ಳಿಕೊಂಡು ಹೋದೆ. ಅಕ್ಕನಿಗಾಗಿ ನಾನು ಮಾಡಿದ ಮೊದಲ ನಿಜವಾದ ಉಪಕಾರ ಅದು. ಅದೂ, ನನಗೆ ಊರಿಕೊಳ್ಳಲು ಏನಾದರೂ ಬೇಕಾಗಿತ್ತೆಂಬ ಕಾರಣಕ್ಕೆ.