ಸೊನ್ನೆ ಎಂದರೆ ಕ್ಷೇಮ

ಕೆಟ್ಟ ಸುದ್ದಿ ಹೇಳುವುದು ಒಂದು ವಿದ್ಯೆ. ನಮ್ಮ ಮನೆತನದಲ್ಲಿ ಅದು ಯಾರಿಗೂ ಒಲಿದಿಲ್ಲ. ನಮ್ಮಜ್ಜಿಯದು ಒಂದೇ ಕಟ್ಟಪ್ಪಣೆ: ಏನೇ ಅನಾಹುತವಾಗಿರಲಿ, ಊಟವಾದ ಮೇಲೆ ಹೇಳಬೇಕು. "ಹಸಿದ ಹೊಟ್ಟೆಗೆ ಕೆಟ್ಟ ಮಾತು ಹಾಕಬಾರದು ಕಣೋ" ಎನ್ನುತ್ತಿದ್ದರು. ಪಿಯುಸಿಯ ಗಣಿತದಲ್ಲಿ ನಾನು ಡುಮ್ಕಿ ಹೊಡೆದಾಗ ಆ ಸುದ್ದಿಯನ್ನು ಅಣ್ಣನಿಗೆ, ಅಂದರೆ ನಮ್ಮ ತಂದೆಗೆ, ಮುಟ್ಟಿಸುವ ಭಾರ ಅಮ್ಮನ ಮೇಲೆ ಬಿತ್ತು. ಅಣ್ಣ ಊಟ ಮಾಡಿದರು, ಊಟವಾದೊಡನೆ ಮಲಗಿದರು. ಮಲಗಿದವರನ್ನು ಎಬ್ಬಿಸಿ ಹೇಳುವಂಥ ಸುದ್ದಿಯೇ ಅದು? ಎದ್ದ ಮೇಲೆ ಕಾಫಿ, ಕಾಫಿಯಾದ ಮೇಲೆ ಸಂಧ್ಯಾವಂದನೆ, ಅದು ಮುಗಿಯುವಷ್ಟರಲ್ಲಿ ಮತ್ತೆ ಊಟದ ಹೊತ್ತು. ಹೀಗೆ ಸುದ್ದಿ ನಾಲ್ಕು ದಿನ ಅಡುಗೆಮನೆಯ ಹೊಸಿಲು ದಾಟಲಿಲ್ಲ. ಐದನೆಯ ದಿನ ಅಣ್ಣ, ಯಾರೂ ಏನೂ ಹೇಳಲಿಲ್ಲವಾದ್ದರಿಂದ ಮಗ ಪಾಸಾಗಿರಲೇಬೇಕೆಂದು ತೀರ್ಮಾನಿಸಿ, ವಠಾರಕ್ಕೆಲ್ಲ ಪೇಡ ಹಂಚಿಬಿಟ್ಟರು. ತಿಂದವರ ಬಾಯಿಂದ ಪೇಡ ಕಿತ್ತುಕೊಳ್ಳಲಾಗುವುದೇ? ನಾನೂ ಒಂದು ತಿಂದೆ.

ಈ ಸಂಸ್ಕಾರವನ್ನು ಹೊತ್ತು ಮುಂಬಯಿಗೆ ಬಂದವನು ನಾನು. ಬೊರಿವಲಿಯಲ್ಲಿ ಮನೆ ಮಾಡಿ, ಅಂಧೇರಿಯ ಒಂದು ಸಣ್ಣ ಕಂಪನಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದೆ. ಆಗಿನ್ನೂ ಕಂಪ್ಯೂಟರ್ ಎಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಕಾಲ. ಜೋಗೇಶ್ವರಿಯ ಒಂದು ಔಷಧಿ ಕಾರ್ಖಾನೆಗಾಗಿ ನಾವು ಆರು ಜನ ಸೇರಿ ಸಿ ಎಂಬ ಭಾಷೆಯಲ್ಲಿ ಒಂದು ಮಹಾ ಪ್ರೋಗ್ರಾಂ ಬರೆದಿದ್ದೆವು. ಯಾವ ದಿನ ಯಾವ ಮದ್ದು ತಯಾರಾಯಿತು, ಯಾವ ಪೀಪಾಯಿಯ ಪುಡಿಯಿಂದ, ಅದರ ಬ್ಯಾಚ್ ನಂಬರೇನು ಎಂಬುದನ್ನೆಲ್ಲ ನೆನಪಿಡುವುದು ಅದರ ಕೆಲಸ. ಅಚ್ಚು ಹಾಕಿಸಿದರೆ ಕಾಗದ ಎರಡು ಪೆಟ್ಟಿಗೆ ತುಂಬುತ್ತಿತ್ತು. ಅದರಲ್ಲಿ ಒಂದು ಪೆಟ್ಟಿಗೆಯನ್ನು ನಾನು ಲೋಕಲ್ ರೈಲಿನಲ್ಲಿ ಹೊತ್ತು ತಂದಾಗ, ಪಕ್ಕದಲ್ಲಿ ನಿಂತಿದ್ದ ಪುಣ್ಯಾತ್ಮನೊಬ್ಬ ಅದನ್ನು ಮಾವಿನ ಹಣ್ಣಿನದೆಂದು ಭ್ರಮಿಸಿ ಸ್ಟೇಷನ್ ಬರುವವರೆಗೂ ಮೂಸಿ ನೋಡುತ್ತಿದ್ದ.

ಆ ಪ್ರೋಗ್ರಾಂ ಒಳಗೆ ಹೇಗಿತ್ತೆಂದು ಹೇಳಿದರೆ ನಿಮಗೆ ಯಾವುದಾದರೂ ಸರ್ಕಾರಿ ಕಚೇರಿ ನೆನಪಾದೀತು. ಅದರ ಒಂದೊಂದು ತುಂಡೂ ಒಬ್ಬೊಬ್ಬ ಗುಮಾಸ್ತನಿದ್ದ ಹಾಗೆ. ಮೇಲಿನವನು ನಡುವಿನವನಿಗೆ ಕೆಲಸ ಹೇಳುತ್ತಾನೆ, ನಡುವಿನವನು ಕೆಳಗಿನವನಿಗೆ ಹೇಳುತ್ತಾನೆ, ಕಟ್ಟಕಡೆಯವನು ನಿಜವಾಗಿ ಕೆಲಸ ಮಾಡುತ್ತಾನೆ. ಮಾಡಿ ಮುಗಿಸಿದವನು ಮೇಲಿನವನ ಕೈಗೆ ಒಂದು ಅಂಕಿ ಕೊಡಬೇಕು. ಸೊನ್ನೆ ಎಂದರೆ ಕ್ಷೇಮ, ಎಲ್ಲ ಸುಗಮ. ಮೈನಸ್ ಒಂದು ಎಂದರೆ ಏನೋ ಎಡವಟ್ಟಾಗಿದೆ. ಏರ್ಪಾಡು ಚೆನ್ನಾಗಿಯೇ ಇದೆ. ಆದರೆ ಈ ಸಿ ಭಾಷೆ ಬಹಳ ದೊಡ್ಡ ಮನುಷ್ಯರ ಭಾಷೆ. ಕೈಗೆ ಕೊಟ್ಟ ಅಂಕಿಯನ್ನು ಮೇಲಿನವನು ನೋಡಲೇಬೇಕೆಂಬ ಒತ್ತಾಯ ಅಲ್ಲಿಲ್ಲ. ನೋಡದೆ ಜೇಬಿಗೆ ಹಾಕಿಕೊಂಡು, ತನ್ನ ಮೇಲಿನವನಿಗೆ ನಗುನಗುತ್ತ ಸೊನ್ನೆ ಕೊಟ್ಟರೂ ಯಾರೂ ಕೇಳುವುದಿಲ್ಲ.

ಕಾರ್ಖಾನೆಯಲ್ಲಿ ಈ ಯಂತ್ರದ ಮುಂದೆ ಕೂರುತ್ತಿದ್ದವರು ಧಾರವಾಡದ ಕಡೆಯ ಸುಶೀಲಾಬಾಯಿ. ಇಪ್ಪತ್ತು ವರ್ಷ ಟೈಪ್‌ರೈಟರ್ ಕುಟ್ಟಿದ ಮೇಲೆ ಅವರಿಗೆ ಕಂಪ್ಯೂಟರಿನ ತಂಪು ಕೋಣೆಯೂ ಬೆನ್ನಿಗೆ ಆನಿಕೆಯಿರುವ ಒಂದು ಕುರ್ಚಿಯೂ ಸಿಕ್ಕಿದ್ದವು. ಆ ಕುರ್ಚಿಗೆ ಅವರೇ ಕಸೂತಿಯ ಒಂದು ದಿಂಬು ಹೊಲಿದು ತಂದಿದ್ದರು. ಒಂದು ಸೋಮವಾರ ನೋಡಿದರೆ ಹನ್ನೊಂದು ದಿನಗಳ ದಾಖಲೆ ಯಂತ್ರದಲ್ಲಿಲ್ಲ. ತಪಾಸಣೆಯವರು ಬರುವ ವಾರ ಬೇರೆ. ಮ್ಯಾನೇಜರ್ ಸಾಹೇಬರು "ಕಂಪ್ಯೂಟರ್ ಕಭೀ ಗಲತಿ ನಹೀಂ ಕರ್ತಾ" ಎಂದು, ಅಂದರೆ ಯಂತ್ರ ತಪ್ಪುವುದೇ ಇಲ್ಲವೆಂದು, ತೀರ್ಪು ಕೊಟ್ಟು, ದಾಖಲೆ ಹೊಡೆಯದೆ ಕಾಲ ಕಳೆದಿದ್ದೀರೆಂದು ಸುಶೀಲಾಬಾಯಿಗೆ ಮೆಮೋ ಕೊಟ್ಟರು. ವಿಚಾರಣೆಯಾಗಬೇಕು, ತಪ್ಪೆಂದಾದರೆ ಕುರ್ಚಿ ಬಿಡಬೇಕು.

ನಾನು ಹೋದಾಗ ಬಾಯಿ ಮೆಮೋವನ್ನು ದಿಂಬಿನ ಕೆಳಗಿಟ್ಟು ಅದರ ಮೇಲೆ ಕೂತಿದ್ದರು. "ಸರ, ನಾ ದಿನಾ ಹೊಡದೀನ್ರಿ. ಪ್ರತೀ ಸಲ ಅದು 'ಸೇವ್ ಆತು, ಓಕೆ' ಅಂದಮ್ಯಾಲೇನ ಮುಂದ ಹೋಗೀನಿ. ಅದು ಓಕೆ ಅಂದಮ್ಯಾಲೂ ನಂಬಬಾರದಂದ್ರ ಇನ್ನ ಯಾರ್ನ ನಂಬಬೇಕ್ರಿ?" ಎಂದರು. "ನೋಡೋಣ ಬಾಯಿ, ನಾನಿದ್ದೀನಲ್ಲ" ಎಂದೆ. ಈಗ ನೆನೆದರೆ ಆ ಮಾತಿಗೇ ನಗು ಬರುತ್ತದೆ.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಡಿಸ್ಕ್ ತುಂಬಿಹೋಗಿತ್ತು. ಕಟ್ಟಕಡೆಯವನು ಪಾಪ, ಹನ್ನೊಂದು ದಿನವೂ ಪ್ರತಿ ದಾಖಲೆಗೂ "ಜಾಗವಿಲ್ಲ, ಮೈನಸ್ ಒಂದು" ಎಂದು ಹೇಳುತ್ತಲೇ ಇದ್ದ. ನಡುವಿನವನು ಅದನ್ನು ನೋಡದೆ ಮೇಲಕ್ಕೆ ಸೊನ್ನೆ ಕಳಿಸಿದ್ದ. ಮೇಲಿನವನು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಓಕೆ ಎಂದಿದ್ದ. ಈ ನಡುವಿನ ಮಹಾಶಯ ಯಾರ ಸೃಷ್ಟಿ ಎಂದು ನೋಡಿದರೆ, ತಲೆಯ ಮೇಲೆ ಬರೆದವನ ಹೆಸರಿತ್ತು. ನನ್ನದೇ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಬೇರೆ: "ಇದು ಎಂದೂ ತಪ್ಪುವುದಿಲ್ಲ." ಗಣಿತದಲ್ಲಿ ಡುಮ್ಕಿ ಹೊಡೆದವನ ಆತ್ಮವಿಶ್ವಾಸ ನೋಡಿ.

ನಮ್ಮ ಮೇಲಧಿಕಾರಿ ಕಾಮತರು ಮಂಗಳೂರಿನ ಕಡೆಯವರು, ಸಜ್ಜನರು. ನನ್ನ ವರದಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ತಪ್ಪು ಅಂತ ಬರೀತಾರಾ ಮಾರಾಯ್ರೆ? 'ಸುಧಾರಣೆಗೆ ಅವಕಾಶ ಇದೆ' ಅಂತ ಬರೆಯಿರಿ" ಎಂದರು. "ಆ ಹೆಂಗಸಿನ ಗತಿ ಏನು ಸಾರ್?" ಎಂದೆ. "ಅವರ ವಿಚಾರಣೆಗೆ ಇನ್ನು ಎರಡು ತಿಂಗಳುಂಟು. ನೀವು ಅಷ್ಟರೊಳಗೆ ಸರಿ ಮಾಡಿ. ಹೇಳುವ, ಹೇಳುವ" ಎಂದರು. ಅವರು ತಮ್ಮ ಡೈರೆಕ್ಟರಿಗೆ ಅದನ್ನು "ಚಿಕ್ಕ ಸಲಹೆ" ಎಂದು ಕಳಿಸಿದರಂತೆ. ಡೈರೆಕ್ಟರು ಕಾರ್ಖಾನೆಗೆ "ಪ್ರೋಗ್ರಾಂ ಉತ್ತಮಗೊಳ್ಳುತ್ತಿದೆ" ಎಂದು ಶುಭಾಶಯದಂಥ ಕಾಗದ ಬರೆದರಂತೆ. ಪ್ರೋಗ್ರಾಮಿನಲ್ಲಿ ಇಂಥ ನಡುವಿನವರನ್ನು ನಾನು ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ. ಆಫೀಸಿನಲ್ಲಿ ಆ ಸೌಕರ್ಯವಿರಲಿಲ್ಲ.

ಎರಡು ತಿಂಗಳು ನಾನು ಮಾಡಿದ್ದು ಪ್ರಾಯಶ್ಚಿತ್ತದಂಥ ಕೆಲಸ. ಎರಡು ಪೆಟ್ಟಿಗೆ ಕಾಗದದಲ್ಲಿ ಪ್ರತಿಯೊಬ್ಬನ ಕಿವಿ ಹಿಡಿದು, ಕೆಳಗಿನಿಂದ ಬಂದ ಅಂಕಿಯನ್ನು ನೋಡು, ಸೊನ್ನೆಯಲ್ಲದಿದ್ದರೆ ಕೆಲಸ ನಿಲ್ಲಿಸು, ಬಂದ ಸುದ್ದಿಯನ್ನು ಬಂದ ಹಾಗೆಯೇ ಮೇಲಕ್ಕೆ ಮುಟ್ಟಿಸು ಎಂದು ಕಲಿಸಿದೆ. ಬರೀ ಮೈನಸ್ ಒಂದು ಎಂದರೆ ಸಾಲದೆಂದು, ಜಾಗವಿಲ್ಲದಿದ್ದರೆ ಒಂದು ಅಂಕಿ, ಫೈಲಿಲ್ಲದಿದ್ದರೆ ಇನ್ನೊಂದು, ಹೀಗೆ ಒಂದೊಂದು ಕಷ್ಟಕ್ಕೂ ಒಂದೊಂದು ನಂಬರು ಕೊಟ್ಟೆ. ಹೆಂಡತಿ "ಸಕ್ಕರೆ ಮುಗಿದಿದೆ" ಎಂದರೆ, ಯಾವ ನಂಬರೆಂದು ಕೇಳುವ ಮಟ್ಟಕ್ಕೆ ಬಂದಿದ್ದೆ. ಹೊಸ ಪ್ರೋಗ್ರಾಂ ಹಾಕಿದ ದಿನವೇ ಅದು ಬಾಯಿ ಬಿಟ್ಟಿತು. ಪ್ರಿಂಟರಿನಲ್ಲಿ ಕಾಗದವಿಲ್ಲ, ಫ್ಲಾಪಿ ಹಾಕಿಲ್ಲ, ಆರು ತಿಂಗಳಿಂದ ಆ ಫೈಲೇ ಇಲ್ಲ. ಮ್ಯಾನೇಜರ್ ಸಾಹೇಬರು ಫೋನು ಮಾಡಿ, ಮೊದಲು ಎಷ್ಟು ಒಳ್ಳೆಯ ಪ್ರೋಗ್ರಾಂ ಇತ್ತು, ರಿಪೇರಿ ಮಾಡಿ ಕೆಡಿಸಿದಿರಲ್ಲ ಎಂದು ನೊಂದುಕೊಂಡರು. ತಪ್ಪನ್ನು ಹೇಳಿದವನೇ ತಪ್ಪು ಮಾಡಿದವನೆಂಬ ನ್ಯಾಯ ಯಂತ್ರಕ್ಕೂ ತಪ್ಪಲಿಲ್ಲ.

ವಿಚಾರಣೆಯ ದಿನ ಬಂತು. ಹೇಳಲೇಬೇಕೆಂದು ನಿಶ್ಚಯಿಸಿ, ಆ ನನ್ನ ಹೆಸರಿರುವ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಕಾಮತರ ಜೊತೆ ಜೋಗೇಶ್ವರಿಗೆ ಹೋದೆ. ಬಾಯಿ ಮ್ಯಾನೇಜರ್ ಸಾಹೇಬರ ಕೋಣೆಯ ಬಾಗಿಲ ಬಳಿ ನಿಂತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು. ಅಷ್ಟರಲ್ಲಿ ಹತ್ತಿರದ ಉಡುಪಿ ಹೋಟೆಲಿನಿಂದ ಊಟದ ತಟ್ಟೆಗಳು ಬಂದವು. ನಾನು ಜೇಬಿಗೆ ಕೈ ಹಾಕಿದೆ. ಕಾಮತರು ಮೊಣಕೈ ಹಿಡಿದು, "ಹಸಿದವರ ಎದುರು ಎಂತದ್ದು ಮಾರಾಯ್ರೆ? ಸಾಹೇಬರ ಊಟ ಆಗ್ಲಿ" ಎಂದರು. ನಮ್ಮಜ್ಜಿಯೇ ಪ್ಯಾಂಟು ತೊಟ್ಟು ಬಂದು ಹೇಳಿದ ಹಾಗಿತ್ತು. ನಾನು ಕೂತೆ, ಸಾರು ಅನ್ನ ಕಲಸಿದೆ. ಸಾಹೇಬರಿಗೆ ಮಾತ್ರ ಅಂಥ ಯಾವ ನೇಮವೂ ಇರಲಿಲ್ಲ. ಪೂರಿ ಮುರಿಯುತ್ತಲೇ ಎಡಗೈಯಿಂದ ಕಾಗದಕ್ಕೆ ರುಜು ಹಾಕಿದರು. ಬಾಯಿಯನ್ನು ಪ್ಯಾಕಿಂಗ್ ವಿಭಾಗಕ್ಕೆ ಕಳಿಸಿಯಾಯಿತು. ಆಮೇಲೆ ನನ್ನತ್ತ ತಿರುಗಿ "ಪ್ರೋಗ್ರಾಂ ಮೇ ಕೋಯೀ ಗಲತಿ ತೋ ನಹೀಂ?" ಎಂದರು. ನಾನು ಬಾಯಲ್ಲಿದ್ದ ತುತ್ತು ನುಂಗಿ, "ಅಬ್ ನಹೀಂ ಸಾಹೇಬ್" ಎಂದೆ. ಈಗ ಇಲ್ಲ ಎಂಬುದು ಅಕ್ಷರಶಃ ಸತ್ಯ. ಪಾಯಸವೂ ಇತ್ತು.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಜೋಗೇಶ್ವರಿ ಸ್ಟೇಷನ್ನಿನಲ್ಲಿ ಮನೆ ಕಡೆಯ ಗಾಡಿಗೆ ಕಾಯುತ್ತಿದ್ದೆ. ಸುಶೀಲಾಬಾಯಿ ಎದುರಾದರು. ಅವರ ಮನೆಯಿದ್ದ ಚಾಳ್, ಅಂದರೆ ವಠಾರ, ಹಳಿಗಳ ಆಚೆ ಬದಿಗಿತ್ತು. ಇಡೀ ದಿನ ನಿಂತು ಬಾಟಲಿಗೆ ಚೀಟಿ ಅಂಟಿಸಿ ಕಾಲು ಊದಿಕೊಂಡಿದ್ದವು. ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡೇ ನಡೆಯುತ್ತಿದ್ದರು. ಬೈದರೆ ಬೈಸಿಕೊಳ್ಳಲು ಸಿದ್ಧನಾದೆ. ಅವರು ಬೈಯಲಿಲ್ಲ. "ಆರಾಮ ಇದ್ದೀರೇನ್ರಿ ಸರ? ನಿಮ್ಮ ಮಷೀನ್ ಈಗ ಭಾಳ ಛಲೋ ಆಗೇದಂತ. ಜಾಗಾ ಇಲ್ಲಂದ್ರ ಇಲ್ಲಾ ಅಂತ ಮಾರೀಗೇ ಹೇಳ್ತದಂತ, ಹೊಸಾ ಆಪರೇಟರ್ ಹೇಳಿದ್ಲು. ನಾನ ಏನರ ತಪ್ಪ ಗುಂಡಿ ಒತ್ತಿದ್ದೆನೇನೋ ಅಂತ ಇಷ್ಟ ದಿನಾ ಅನ್ಕೊಂಡಿದ್ದೆ. ಮದಲ ಯಾಕ ಹೇಳ್ತಿದ್ದಿಲ್ಲರಿ ಅದು?"

ಸಿಟ್ಟಿನಿಂದ ಕೇಳಿದ ಪ್ರಶ್ನೆಯಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದು. ಉತ್ತರ ನನಗೆ ಗೊತ್ತಿತ್ತು. ನಾನು ಆಗತಾನೇ ಬಂದು ನಿಂತ ಗಾಡಿಯನ್ನು ನೋಡಿ, "ನನ್ನ ಲೋಕಲ್ ಬಂತು ಬಾಯಿ" ಎಂದು ಓಡಿ ಹತ್ತಿಬಿಟ್ಟೆ. ಗಾಡಿ ಹೊರಟಿತು. ಬಾಯಿ ಆ ಊದಿದ ಕಾಲಲ್ಲೇ ನಾಲ್ಕು ಹೆಜ್ಜೆ ಜೊತೆಗೆ ಓಡಿಬಂದು, "ಸರ, ಅದು ಚರ್ಚ್‌ಗೇಟ್ ಕಡೀದ್ರಿ, ಬೊರಿವಲೀದಲ್ರಿ" ಎಂದು ಕೂಗಿದರು. ಗೊತ್ತು, ಗೊತ್ತು ಎಂಬಂತೆ ಕೈಯಾಡಿಸಿದೆ. ಡಬ್ಬಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಲ್ಲಿಗೇ ಹೋಗಬೇಕಾದವನ ಹಾಗೆ ಮುಖ ಮಾಡಿಕೊಂಡು ಮುಂದಿನ ಸ್ಟೇಷನ್ನಾದ ಅಂಧೇರಿಯವರೆಗೂ ನಿಂತೆ.