ಕೈ ಚಾಚಿದರೆ ಬಸ್ಸು ನಿಲ್ಲುತ್ತದೆ

ಈ ಕತೆಯ ಮೊದಲ ತುಂಡನ್ನು ನನಗೆ ಹೇಳಿದವರು ಕಾರ್ಗಲ್ಲಿನ ನಿವೃತ್ತ ಡ್ರಿಲ್ ಮಾಸ್ತರು. ಅರವತ್ತು ದಾಟಿದ ಮೇಲೂ ಓಡುವವರ ಕೈಗೆ ಗಡಿಯಾರ ಕಟ್ಟಿದರೆ ಇಂಥವು ಆಗುತ್ತಲೇ ಇರುತ್ತವೆ ಎಂದು ಅವರು ಹೇಳಿದಾಗ ನಾನು ನಕ್ಕೆ. ನಗಬಾರದಿತ್ತು. ಉಳಿದ ತುಂಡುಗಳೆಲ್ಲ ನನ್ನ ಪಾಲಿಗೇ ಬಂದವು.

೧. ಹುಲಿಕಲ್ಲಿನ ಏರು

ಮಾಸ್ತರು ಒಂದು ಬೆಳಿಗ್ಗೆ ಹುಲಿಕಲ್ ಘಾಟಿಯ ಏರಿನಲ್ಲಿ ಓಡುತ್ತಿದ್ದರು. ಎಷ್ಟು ದೂರ ಬಂತೆಂದು ನೋಡಬೇಕಿತ್ತು. ದೂರದ್ದೆಲ್ಲ ಅವರಿಗೆ ನಿಚ್ಚಳ. ಹತ್ತಿರದ ಅಂಕಿ ಮಾತ್ರ ಇರುವೆ ಸಾಲು. ಆದ್ದರಿಂದ ಕೈಯನ್ನು ಪೂರ್ತಿ ಚಾಚಿ ಗಡಿಯಾರವನ್ನು ಆದಷ್ಟು ದೂರ ಹಿಡಿದರು. ನಮ್ಮ ಕಡೆ ರಸ್ತೆಗೆ ಕೈ ಚಾಚಿದವನನ್ನು ಬಿಟ್ಟುಹೋಗುವ ಬಸ್ಸು ಇಲ್ಲ. ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದ ಬಸ್ಸು ಪಕ್ಕಕ್ಕೆ ಬಂದು ನಿಂತಿತು.

"ಹತ್ತಿ, ಹತ್ತಿ, ಬೇಗ!" ಎಂದ ಕಂಡಕ್ಟರ್.

"ನಾ ಹತ್ತಲ್ಲ ಮಾರಾಯ. ಎಷ್ಟು ಓಡಿದೆ ಅಂತ ನೋಡ್ತಿದ್ದೆ."

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಈ ಏರಲ್ಲಿ ನಿಂತ ಗಾಡಿ ಮತ್ತೆ ಎಳಿಬೇಕಂದ್ರೆ ಎಂತ ಕಷ್ಟ ಗೊತ್ತುಂಟಾ? ಇಳ್ದು ತಳ್ಳಿ ಈಗ!"

ಮಾಸ್ತರು ಲೆಕ್ಕಕ್ಕೆ ತಪ್ಪದ ಮನುಷ್ಯ. "ಹತ್ತಲೇ ಇಲ್ಲ, ಇಳಿಯೋದು ಎಲ್ಲಿಂದ?" ಎಂದರು. ಆದರೂ ತಳ್ಳಿದರು.

೨. ಪೂಜೆಯಾದ ಗಡಿಯಾರ

ಹೋದ ವರ್ಷ ನನಗೆ ಎದೆ ಹಿಡಿದು ಮೂರು ದಿನ ಆಸ್ಪತ್ರೆಯಲ್ಲಿದ್ದೆ. ಬಿಡುವಾಗ ಸಾಗರದ ಡಾಕ್ಟರು ಹೇಳಿದ್ದು ಇಷ್ಟು: "ನಡೀರಿ, ಆಮೇಲೆ ನಿಧಾನಕ್ಕೆ ಓಡಿ. ಎದೆಬಡಿತ ನೂರೈವತ್ತು ದಾಟಬಾರದು. ದಾಟಿದರೆ ಅಲ್ಲೇ ನಿಲ್ಲಿ."

ತೀರ್ಥಹಳ್ಳಿಯಲ್ಲಿ ಹಿರಿಯರ ಹತ್ತು ಕಿಲೋಮೀಟರ್ ಓಟವಿದೆ ಎಂದು ಮಾಸ್ತರು ಹೇಳಿದರು. ಮನೆಯವಳು ಒಪ್ಪಲಿಲ್ಲ. ಕೊನೆಗೆ ಬಡಿತ ಎಣಿಸುವ ಗಡಿಯಾರ ಕೊಂಡು, ದೀಪ ಹಚ್ಚಿ, ನನ್ನನ್ನು ದೇವರ ಮುಂದೆ ನಿಲ್ಲಿಸಿದಳು.

"ನೂರೈವತ್ತು ದಾಟಿರೆ ನಿಲ್ತಿ ಹೇಳಿ ದೇವರಿಗೆ ಮಾತು ಕೊಡಿ."

ಕೊಟ್ಟೆ. ದಾಟಿದರೆ ನಿಲ್ಲುತ್ತೇನೆಂದು ದೇವರಿಗೆ ಕೊಟ್ಟ ಮಾತು ಮುರಿದು ಓಡುವವನು ನಾನಲ್ಲ.

ಮನೆಗೆ ಬಂದ ಹೊಸ ವಸ್ತು ಪೂಜೆಯಾಗದೆ ಬಳಕೆಗೆ ಬರುವಂತಿಲ್ಲ. ಗಡಿಯಾರದ ಹಿಂಬದಿಯಲ್ಲಿ ಹಸಿರು ಮಿಣುಕುವ ಕಣ್ಣೊಂದಿದೆ. ಬಡಿತ ಎಣಿಸುವುದು ಅದು. ಅವಳು ಭಕ್ತಿಯಿಂದ ಆ ಕಣ್ಣಿಗೇ ಗಂಧ, ಕುಂಕುಮ ಹಚ್ಚಿದಳು. ಕೈಗೆ ಕಟ್ಟಿಕೊಂಡೆ. ನನಗೂ ಹತ್ತಿರದ ಅಂಕಿ ಕಾಣದು. ಅಂದು ನಮ್ಮಲ್ಲಿಗೆ ಬಂದಿದ್ದ ಮಾಸ್ತರು ಓದುವ ಕನ್ನಡಕ ಹಾಕಿಕೊಂಡು ನೋಡಿದರು.

"ಅಂಕಿ ಇಲ್ಲ. ಬರೀ ಗೆರೆ."

"ಅಂದ್ರೆ?"

"ಅಂದ್ರೆ ಭಟ್ರೇ, ಇದ್ರ ಪ್ರಕಾರ ನೀವು ಇಲ್ಲ."

ಒಳಗಿನಿಂದ ಸೌಟು ಬಿದ್ದ ಸದ್ದು. ಅವಳು ಓಡಿ ಬಂದು ಸೆರಗಿನಿಂದ ಉಜ್ಜಿದ ಮೇಲೆ ನಾನು ಬದುಕಿದೆ: ಎಂಬತ್ತೆರಡು. ಆಗ ಅವಳ ಕೈಗೆ ಕಟ್ಟಿದ್ದರೆ ನೂರೈವತ್ತು ದಾಟುತ್ತಿತ್ತು.

೩. ಹುಂಚದಲ್ಲಿ ಬಂದ ಗತ್ತು

ದೂರವೂ ಹತ್ತಿರವೂ ಕಾಣುವ ಕನ್ನಡಕ ಮಾಡಿಸಿದೆ. ಅದರ ತಳಭಾಗದಲ್ಲಿ ಮಾತ್ರ ಅಂಕಿ ಕಾಣುವುದು. ಹಾಗಾಗಿ ಗಲ್ಲ ಮೇಲೆತ್ತಿ, ಕಣ್ಣು ಕೆಳಗೆ ಮಾಡಿ ನೋಡಬೇಕು. ಹುಂಚದ ನಂಟರ ಮನೆಗೆ ಹೋದವನು ಬೆಳಿಗ್ಗೆ ಅಲ್ಲೇ ಓಡಿದೆ. ಮಧ್ಯಾಹ್ನದೊಳಗೆ ಅಲ್ಲಿನ ಹಿರಿಯರೊಬ್ಬರು ನನ್ನವಳಿಗೆ ಫೋನು ಮಾಡಿದ್ದರು.

"ನಿಮ್ಮ ಯಜಮಾನ್ರಿಗೆ ಎಂತ ಗತ್ತು ಮಾರಾಯ್ತಿ! ಮೂರು ಸಲ ಕರೆದೆ. ಗಲ್ಲ ಎತ್ತಿಕೊಂಡು, ನನ್ನ ಹುಳ ನೋಡ್ದಂಗೆ ನೋಡಿ ಹೋದ್ರು."

ಮರುದಿನ ಅವರು ದಾರಿಯಲ್ಲಿ ಸಿಕ್ಕರು. ತಪ್ಪಾಯಿತೆಂದು ಬಗ್ಗಿ ನಮಸ್ಕರಿಸಿದೆ. ಬೆವರಿಗೆ ಕನ್ನಡಕ ಜಾರಿ ಅವರ ಕಾಲ ಬುಡಕ್ಕೆ ಬಿತ್ತು. ಅವರು ಆಶೀರ್ವಾದ ಮಾಡಲೆಂದು ಒಂದು ಹೆಜ್ಜೆ ಮುಂದೆ ಬಂದರು.

ಓಟಕ್ಕೆ ಇನ್ನು ಮೂರೇ ದಿನ. ಹೊಸ ಕನ್ನಡಕಕ್ಕೆ ಎಂಟು ದಿನ.

೪. ತೀರ್ಥಹಳ್ಳಿಯ ಓಟ

ಕನ್ನಡಕವಿಲ್ಲದೆಯೇ ಹೊರಟೆ. "ನೂರೈವತ್ತು ದಾಟಿದ್ರೆ ಗಡಿಯಾರ ಕೈ ಮೇಲೆ ನಡುಗುತ್ತೆ, ನೋಡೋದೇ ಬೇಡ" ಎಂದು ಅಂಗಡಿಯವ ಧೈರ್ಯ ಕೊಟ್ಟಿದ್ದ. ಮನೆಯವಳ ಒತ್ತಾಯಕ್ಕೆ ಫೋನನ್ನೂ ಸೊಂಟದ ಚೀಲದಲ್ಲಿ ಇಟ್ಟುಕೊಂಡೆ, ಸದ್ದು ಬಾರದಂತೆ ಮಾಡಿ. ಅವಳು ಓಟ ಮುಗಿಯುವಲ್ಲಿ, ಬಸ್ ಸ್ಟಾಪಿನ ಪಕ್ಕದ ಮೈದಾನದಲ್ಲಿ ಕುಳಿತಳು.

ಎಂಟು ಕಿಲೋಮೀಟರ್ ಆರಾಮಾಗಿ ಕಳೆಯಿತು. ಇನ್ನೆರಡು ಇದೆ ಎನ್ನುವಾಗ ಗಡಿಯಾರ ನಡುಗಿತು.

ಕಾಲು ಅಲ್ಲೇ ನಿಂತಿತು. ನಡುಕವೂ ನಿಂತಿತು. ದಾಟಿತೇ? ದಾಟಿದ್ದರೆ ಡಾಕ್ಟರ ಮಾತಿದೆ, ದೇವರ ಮುಂದಿನ ಮಾತಿದೆ. ದಾಟಿಲ್ಲವಾದರೆ ಸುಮ್ಮನೆ ಓಟ ಹಾಳು. ಗಡಿಯಾರ ನೋಡಿದೆ. ಮೊದಲನೆಯದು ಒಂದು, ಕೊನೆಯದು ಎಂಟು. ನಡುವಿನದು ಮೂರೋ ಐದೋ ತಿಳಿಯಲೊಲ್ಲದು. ಎದೆ ಗುಡುಗುಡು ಎನ್ನುತ್ತಿತ್ತು. ಅದು ಓಟಕ್ಕೋ ಭಯಕ್ಕೋ ಹೇಳುವವರಿಲ್ಲ. ಸ್ವಾಮೀ ಎಂದು ನೆನೆದು ಕೈ ಪೂರ್ತಿ ಚಾಚಿದೆ.

ಬಸ್ಸು ನಿಂತಿತು.

"ಹತ್ತಿ!"

"ಹತ್ತಲ್ಲ ಅಪ್ಪಾ. ಇದೆಷ್ಟು ಅಂತ ಓದಿ ಹೇಳು, ನನ್ನ ಜೀವದ ಪ್ರಶ್ನೆ."

ಕಂಡಕ್ಟರ್ ಜೇಬು ಮುಟ್ಟಿ ನೋಡಿಕೊಂಡ. "ನನ್ ಕನ್ನಡಕ ಡಿಪೋದಲ್ಲೇ ಬಿಟ್ಟೆ." ಡ್ರೈವರ್ ಬಗ್ಗಿ ನೋಡಿ, "ನಂಗೆ ದೂರದ್ದು ಮಾತ್ರ" ಎಂದ. ಕಿಟಕಿಯೊಳಗೆ ಕೈ ತೂರಿಸಿದೆ. ಮುಂದಿನ ಸೀಟಿನವರು ನೋಡಿ ಹಿಂದಿನವರ ಕಡೆ ತಿರುಗಿದರು. ಇಡೀ ಬಸ್ಸಿನಲ್ಲಿ ಐವತ್ತರ ಕೆಳಗಿನವರಿಲ್ಲ. ಕೊನೆಗೆ ಮೂಲೆಯಿಂದ ಒಬ್ಬ ಅಜ್ಜಿ ಎದ್ದು ಬಂದರು.

"ಸರೀರಿ ಅತ್ಲಾಗೆ. ನಂಗೆ ಪೊರೆ ತೆಗ್ಸಿ ತಿಂಗ್ಳಾತು." ನನ್ನ ಕೈ ಹಿಡಿದು ನೋಡಿದರು. "ನೂರ ಮೂವತ್ತೆಂಟು."

"ಅದು ನಿಂತ ಮೇಲೆ ಇಳಿದದ್ದಿರಬಹುದು ಅಮ್ಮ. ದಾಟಿದರೆ ನಿಲ್ತೇನೆ ಅಂತ ದೇವರಿಗೆ ಮಾತು ಕೊಟ್ಟಿದ್ದೆ."

"ನಿಂತಿದೀರಲ್ಲ ಈಗ?"

"ಹೌದು."

"ಹಂಗಾರೆ ಮಾತು ಉಳೀತು. ಮತ್ತೆ ಓಡಬಾರ್ದು ಅಂತ ಹೇಳಿದ್ರಾ?"

ಹೇಳಿರಲಿಲ್ಲ. ಬಸ್ಸೆಲ್ಲ ಒಂದೇ ದನಿಯಲ್ಲಿ "ಓಡಿ!" ಎಂದಿತು. ಬಸ್ಸು ಮುಂದೆ ಹೋಯಿತು; ನಾನು ನಿಧಾನವಾಗಿ, ನಾಮ ಜಪಿಸುತ್ತಾ, ಹಿಂದೆ.

ಮೈದಾನ ಮುಟ್ಟಿದಾಗ ಮನೆಯವಳು ನಗುತ್ತಿದ್ದಳು. "ಕಂಡಕ್ಟರ್ ಸ್ಟಾಪಿನಲ್ಲಿ ಇಳಿದು ಕೂಗಿ ಹೇಳಿ ಹೋದ: ಗಡಿಯಾರದ ಯಜಮಾನ್ರಿಗೆ ನೂರ ಮೂವತ್ತೆಂಟು, ಬರ್ತಾ ಇದಾರೆ ಹೇಳಿ."

"ಅದು ಆಮೇಲಿನದು" ಎಂದೆ ಏದುಸಿರಿನಲ್ಲಿ. "ಅದಕ್ಕೆ ಮೊದಲು ಗಡಿಯಾರ ನಡುಗಿತ್ತು ಕಣೇ. ದಾಟಿತ್ತೋ ಏನೋ. ಪ್ರಾಣವೇ ಹಾರಿಹೋಗಿತ್ತು."

ಅವಳ ನಗು ನಿಂತಿತು. "ಎಷ್ಟೊತ್ತಿಗೆ?"

"ಎಂಟು ಕಿಲೋಮೀಟರ್ ಆದಾಗ."

"ಅಯ್ಯೋ, ಅದು ಆನು! ಎದೆಬಡಿತ ಎಷ್ಟಿದ್ದು ಹೇಳಿ ಕೇಳಲೆ ಫೋನ್ ಮಾಡಿದ್ದಿ." ಅವಳು ಮಾಡಿದ ಫೋನಿಗೂ ಗಡಿಯಾರ ನಡುಗುತ್ತದೆಂದು ಅಂಗಡಿಯವ ಹೇಳಿರಲಿಲ್ಲ.

ಈ ಕತೆಯನ್ನು ನೀವೂ ನಾಲ್ಕು ಜನಕ್ಕೆ ದಾಟಿಸಿ. ಓಡುವ ಹಿರಿಯರಿಗೆ ಆಮೇಲೆ ಹೇಳಿದರೂ ನಡೆದೀತು. ಮೊದಲು ಬಸ್ಸಿನ ಕಂಡಕ್ಟರುಗಳಿಗೆ ಹೇಳಿ, ಕನ್ನಡಕ ಮರೆಯದೆ ಡ್ಯೂಟಿಗೆ ಬರಲಿ.